ಸೋದರಮಾವನ ತೊಡೆ

ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚಿಸೋದು ಸೋದರಮಾವನ ತೊಡೆ ಮೇಲೆ ಕೂರಿಸಿ. ನನ್ನ ತಂಗಿಗೆ ನಾನೊಬ್ಬನೇ ಅಣ್ಣ. ಮಗಳನ್ನ ಎತ್ತಿಕೊಂಡು ಪಿರಿಯಾಪಟ್ಟಣದಿಂದ ತವರಿಗೆ, ಕಟ್ಟೆಮಳಲವಾಡಿಗೆ ಬಂದಿದ್ದಳು. ಅಷ್ಟೊತ್ತಿಗೆ ನಾನು ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಮಾಡಿನ ಮೇಲಿಂದ ಜಾರಿಬಿದ್ದು, ಬೆನ್ನುಮೂಳೆ ಮುರಿದು ನಾಕೈದು ವರ್ಷ ಆಗಿತ್ತು. ಸೊಂಟದಿಂದ ಕೆಳಕ್ಕೆ ಚಿವುಟಿದರೂ ಗೊತ್ತಾಗ್ತಿರಲಿಲ್ಲ.

"ನಿಮ್ಮ ದೊಡ್ಡಪ್ಪನ ಮಗ ಕೂತ್ಕೊಳ್ಳಲಿ ಬುಡು, ಅವನೂ ಮಾವನೇ ಅಲ್ವಾ," ಅಂದ ಅಪ್ಪ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾನಿನ್ನೂ ಸತ್ತಿಲ್ಲ ಕಣಪ್ಪ. ಎತ್ತಿ ಮಣೆ ಮೇಲೆ ಕೂರ್ಸು," ಅಂದೆ. ಬೇಸಾಯ ಹೋಯ್ತು, ಮದುವೆ ಮಾತು ನಿಂತೋಯ್ತು, ಇದೊಂದನ್ನೂ ಬಿಟ್ಟುಕೊಡು ಅಂದ್ರೆ ಹೆಂಗೆ? ಗಾಲಿಕುರ್ಚಿಯಲ್ಲೇ ಮಗು ಇಟ್ಕೊಂಡಿದ್ದರೆ ಯಾವ ಶಾಸ್ತ್ರ ಕೆಡ್ತಿತ್ತೋ ಕಾಣೆ. ಚಕ್ಕಳಮಕ್ಕಳ ಹಾಕ್ಕೊಂಡೇ ಕೂರಬೇಕು ಅಂತ ಹಟ ಹಿಡಿದೋನು ನಾನೇ.

ಗೋಡೆಗೆ ಒರಗಿಸಿದರು. ಕಾಲು ಸೆಟೆದುಕೊಂಡಿತ್ತು, ಅಪ್ಪ ಮಂಡಿ ಅದುಮಿ ಮಡಿಸಿದ. ಮಗು ತೊಡೆ ಮೇಲೆ ಬಂತು. ಆಚಾರಿ ಕಿವಿಗೆ ತಂತಿ ಚುಚ್ಚುತ್ತಲೇ ಕಿಟಾರನೆ ಕಿರುಚಿ ಒದ್ದಾಡಿತು. ಆಗಲೇ ಲಟಕ್ ಅಂತ ಒಂದು ಸದ್ದು. ಮಣೆ ಸೀಳು ಬಿಡ್ತೇನೋ ಅಂದುಕೊಂಡೆವು. ನನಗೆ ನೋವೇ ಇಲ್ಲವಲ್ಲ. ಇನ್ನೊಂದು ಕಿವಿಯನ್ನೂ ಚುಚ್ಚಿ, ಮಗುವಿನ ಬಾಯಿಗೆ ಬೆಲ್ಲ ಇಟ್ಟು, ಎಲ್ಲರೂ ಊಟಕ್ಕೆ ಕೂತೆವು. ಸಂಜೆ ಪಂಚೆ ಬದಲಾಯಿಸುವಾಗ ಅವ್ವ ನೋಡಿದಳು, ತೊಡೆ ಊದಿ ಸೊಟ್ಟಗಾಗಿತ್ತು.

ಹುಣಸೂರಿನ ಡಾಕ್ಟರು ಎಕ್ಸ್‌ರೇ ನೋಡಿ, "ಭಾರ ಹೊರದ ಕಾಲಿನ ಮೂಳೆ ಒಳಗೊಳಗೇ ಸವೆದುಹೋಗುತ್ತೆ. ಸ್ವಲ್ಪ ತಿರುಚಿದರೂ ಸಾಕು, ಮುರಿಯುತ್ತೆ. ನಿಮಗೆ ಯಾರೂ ಹೇಳಲಿಲ್ವಾ?" ಅಂದರು. ಹೇಳಿರಲಿಲ್ಲ. ಮೊದಲು ಬಿದ್ದಾಗ ಆಸ್ಪತ್ರೆಯೋರು ಬೆನ್ನು ಹುಣ್ಣಾಗದಂಗೆ ಹೊರಳಿಸ್ತಾ ಇರಿ ಅಂದಿದ್ದರು, ಅಷ್ಟೇ.

ಮೂಳೆ ಸೊಟ್ಟಗೇ ಕೂಡಿಕೊಳ್ತು. ಅದು ಹಾಳಾಗಿ ಹೋಗಲಿ, ಹೆಂಗಿದ್ದರೂ ನಡೆಯೋ ಕಾಲಲ್ಲ. ಆದರೆ ನಮ್ಮವರ ಬಾಯಿ ಸುಮ್ಮನಿರಬೇಕಲ್ಲ. "ನೀನು ಕೂತೇ ಮಾವನ ಕಾಲು ಮುರೀತು ಕಣವ್ವ" ಅಂತ ತಮಾಷೆ ಮಾಡ್ತಾ ಆ ಹುಡುಗಿಯನ್ನ ಬೆಳೆಸಿದರು. ಕೇಳಿಸಿಕೊಂಡು ನಾನೂ ನಗ್ತಿದ್ದೆ.

ಸ್ಕೂಲಿಗೆ ಸೇರಿದ ಮೇಲೆ ಬೇಸಿಗೆ ರಜಕ್ಕೆ ಬಂದಿದ್ದಳು. ಬಾಗಿಲಿಂದ ಈಚೆಗೆ ನನ್ನ ಹತ್ತಿರ ಸುಳೀತಿರಲಿಲ್ಲ. ಊಟಕ್ಕೆ ಕೂತರೂ ಅರ್ಧ ಮುದ್ದೆ ಹಂಗೇ ಬಿಟ್ಟು ಏಳೋಳು. ಒಂದು ಮಧ್ಯಾಹ್ನ, "ಯಾಕವ್ವ ಸರಿಯಾಗಿ ಉಣ್ಣಲ್ಲ?" ಅಂತ ಗದರಿದೆ. ಬಾಗಿಲು ಹಿಡಕೊಂಡು ನಿಂತಿದ್ದ ಹುಡುಗಿ ನನ್ನ ಕಾಲನ್ನೇ ನೋಡ್ತಾ ಕೇಳಿದಳು:

"ಇನ್ನೊಂಚೂರು ಸಣ್ಣ ಆದ್ರೆ ನಿನ್ ತಾವ ಬರಬೋದಾ ಮಾವ?"