ಎರಡು ತಲೆಯ ವೈರು

ನಮ್ಮತ್ತಿಗೆಗೆ ಕೈಕಟ್ಟಿ ಕೂರುವುದೆಂದರೆ ಆಗದು. ಅವಳು ದರ್ಜಿ, ನಾನು ಗುಂಡಿ ಹಚ್ಚುವ ನಾದಿನಿ, ನನ್ನಣ್ಣ ಲೈನ್‌ಮನ್. ಕರೆಂಟು ಹೋದರೆ ಅಣ್ಣನಿಗೆ ಕೆಲಸ, ಅತ್ತಿಗೆಗೆ ಸಿಟ್ಟು. ಆ ಸಿಟ್ಟಿಗೇ ಮನೆಗೆ ಸೋಲಾರ್ ಬಂತು.

ಹೈಬ್ರಿಡ್ ಇನ್ವರ್ಟರ್ ಜಾಣ ಯಂತ್ರ. ಹಗಲು ಬಿಸಿಲಿನಲ್ಲೇ ಮನೆ ನಡೆಸಿ, ಮಿಕ್ಕಿದ್ದನ್ನು ಬ್ಯಾಟರಿಗೆ ತುಂಬುತ್ತದೆ. ಸಾಲದಿದ್ದರೆ ಬೀದಿಯ ಲೈನಿನಿಂದ ಎಳೆದುಕೊಳ್ಳುತ್ತದೆ. ಲೈನು ಹೋದ ಕೂಡಲೇ ಬೀದಿಯ ನಂಟು ಕಡಿದುಕೊಂಡು, ತನ್ನದೇ ಒಂದೆರಡು ಪ್ಲಗ್ಗಿಗಷ್ಟೇ ಕರೆಂಟು ಕೊಡುತ್ತದೆ. ಹಾಗೆ ಕಡಿದುಕೊಳ್ಳದಿದ್ದರೆ ನಮ್ಮ ಕರೆಂಟು ತಂತಿಗುಂಟ ಹೋಗಿ ಕಂಬ ಹತ್ತಿದವನನ್ನು ಹಿಡಿಯುತ್ತದೆ.

ಹೊಲಿಗೆ ಯಂತ್ರ ಆ ಪ್ಲಗ್ಗಿನಲ್ಲಿತ್ತು, ಇಸ್ತ್ರಿಪೆಟ್ಟಿಗೆ ಒಳಕೋಣೆಯ ಗೋಡೆಯ ಪ್ಲಗ್ಗಿನಲ್ಲಿ. ಕರೆಂಟು ಹೋದಾಗ ಇಸ್ತ್ರಿ ತಣ್ಣಗೆ ಕೂರುವುದನ್ನು ನೋಡಲಾರದೆ ಅತ್ತಿಗೆ ಎರಡೂ ತುದಿಗೆ ಪಿನ್ನಿರುವ ವೈರು ಮಾಡಿಸಿದಳು. ಒಂದು ತಲೆ ಇನ್ವರ್ಟರಿನ ಪ್ಲಗ್ಗಿಗೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟು. ಅದಕ್ಕೂ ಮೊದಲು ಇನ್ವರ್ಟರಿನ ಲೈನ್ ಸ್ವಿಚ್ಚು, ಮನೆಯನ್ನು ಬೀದಿಯ ತಂತಿಯಿಂದ ಬಿಡಿಸುವ ಮೇನು, ಎರಡನ್ನೂ ಇಳಿಸಬೇಕು.

"ಇದನ್ನ ಬಿಸಾಕು," ಅಂದ ಅಣ್ಣ.

"ನಾನೇನು ಎಳೇ ಮಗುನಾ, ಮೇನ್ ಇಳಿಸೋದು ಮರೆಯೋಕೆ?"

ಅವಳ ಬಾಯಿಗೆ ಎದುರಾಡುವವರು ಯಾರು? ವೈರು ಉಳಿಯಿತು.

ಒಂದು ಮಧ್ಯಾಹ್ನ ಗಾಳಿಗೆ ನಮ್ಮ ಬೀದಿಯ ತಂತಿ ಮೂಲೆಯ ಕಂಬದ ಬಳಿ ಹರಿದುಬಿತ್ತು. ಅದರಾಚೆ ಇದ್ದದ್ದು ನಮ್ಮದು, ಎದುರಿನ ಅಜ್ಜಿಯದು, ಎರಡೇ ಮನೆ. ಅಣ್ಣ ಏಣಿ ಹೊತ್ತು ಹೋದ. ಅತ್ತಿಗೆ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು, ಸಂಜೆಗೆ ಕೊಡಬೇಕಾದ ಸಮವಸ್ತ್ರದ ರಾಶಿಯ ನಡುವೆಯೇ ವೈರು ಚುಚ್ಚಿದಳು. ಇಸ್ತ್ರಿ ಬಿಸಿಯಾಯಿತು.

ಎದುರಿನ ಅಜ್ಜಿ ಕಿಟಕಿಯಿಂದ ಹೇಳಿದರು: "ನಿಮ್ಮೆಜಮಾನ್ರು ಭಾರೀ ಚುರುಕು ಕಣಮ್ಮ. ನಮ್ಮನೇಲಿ ಆಗ್ಲೇ ಕರೆಂಟ್ ಬಂತು."

ಅವರ ಬಾಗಿಲ ಬಲ್ಬು ಉರಿಯುತ್ತಿತ್ತು. ಮೂಲೆಯಲ್ಲಿ ತಂತಿ ಇನ್ನೂ ಜೋತಾಡುತ್ತಿತ್ತು. ಅತ್ತಿಗೆಯ ಬಾಯಿಂದ ಪಿನ್ನುಗಳು ಉದುರಿದವು. ಲೈನ್ ಸ್ವಿಚ್ಚು ಇಳಿದಿತ್ತು, ಮೇನು ಮೇಲೇ ಇತ್ತು. ಎರಡೇ ಮನೆಯ ಭಾರವಾದ್ದರಿಂದ ಇನ್ವರ್ಟರ್ ಆರಿರಲೂ ಇಲ್ಲ. ಅವಳು ಮೇನನ್ನು ಎಳೆದು ಇಳಿಸಿದಳು.

ಇಬ್ಬರೂ ಬರಿಗಾಲಲ್ಲಿ ಓಡಿದೆವು. ಕಂಬದ ಬಳಿ ಅವಳಿಗೆ ಕತ್ತೆತ್ತುವ ಧೈರ್ಯವಾಗಲಿಲ್ಲ. "ನೀನೇ ನೋಡೇ," ಅಂದಳು.

ಅಣ್ಣ ಏಣಿಯ ತುದಿಯಲ್ಲಿ ಟೆಸ್ಟರು ಹಿಡಿದು ಅಲುಗಾಡದೆ ನಿಂತಿದ್ದ. ನಿಧಾನಕ್ಕೆ ಇಳಿದ. ಮನೆಗೆ ಬಂದು, ಅತ್ತಿಗೆ ಯಾರಿಗೂ ಮುಟ್ಟಲು ಬಿಡದ ಬಟ್ಟೆಕತ್ತರಿ ತೆಗೆದುಕೊಂಡು ವೈರನ್ನು ತುಂಡು ಮಾಡಿದ. ಅವಳು ತಡೆಯಲಿಲ್ಲ.

"ಟೆಸ್ಟರ್ ಹಿಡಿದೆ, ಉರೀತು," ಅಂದ. "ದಿನಾ ಹಿಡಿಯಲ್ಲ ಕಣೇ ನಾನು."

ಈಗ ಕರೆಂಟು ಹೋದರೆ ಅತ್ತಿಗೆ ಮೊದಲು ಮೇನು ಇಳಿಸುತ್ತಾಳೆ. ಆಮೇಲೆ ಅದರ ಕೆಳಗೇ ಸ್ಟೂಲು ಹಾಕಿಕೊಂಡು, ಅಣ್ಣ ಬಾಗಿಲಿಗೆ ಬರುವವರೆಗೂ ಕೈಕಟ್ಟಿ ಕೂರುತ್ತಾಳೆ.