ಲ್ಯಾಪ್‌ಟಾಪಿನ ಹಣೆಗೆ ವಿಭೂತಿ

ರಿಪೇರಿಗೆ ಕೊಟ್ಟಿದ್ದ ಲ್ಯಾಪ್‌ಟಾಪು ನಿನ್ನೆ ಮನೆಗೆ ಬಂತು. ಕೆಟ್ಟಿದ್ದದ್ದು ಬರೀ ಫ್ಯಾನು. ಆದರೆ ಕಡೂರಿನ ಆ ರಿಪೇರಿಯವನು ಬಲು ಒಳ್ಳೆಯ ಮನುಷ್ಯ, ಹೇಳದೆಯೇ ಪರದೆಯನ್ನೂ ಫಳಫಳ ಅನ್ನುವಂತೆ ಒರೆಸಿಟ್ಟಿದ್ದ. "ಏನ್ ಸಾರ್, ಸ್ಕ್ರೀನ್ ಮೇಲೆ ಎಲ್ಲಾ ಬೂದಿ ಬೂದಿ ಇತ್ತು. ಈಗ್ ನೋಡಿ ಹೆಂಗೈತೆ!" ಅಂದ. ನಾನು ಹಲ್ಲು ಬಿಟ್ಟು ಥ್ಯಾಂಕ್ಸ್ ಹೇಳಿ ಬಂದೆ. ಮನೆಯಲ್ಲಿ ತೆರೆದು ನೋಡಿದರೆ ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣಿಸಿತು, ಅಷ್ಟು ಸ್ವಚ್ಛ. ಹೊಟ್ಟೆ ಉರಿದುಹೋಯಿತು. ನೀವೇ ಹೇಳಿ, ಐದು ವರ್ಷ ಬಟ್ಟೆ ಸೋಕಿಸದೆ ಕಾಪಾಡಿಕೊಂಡು ಬಂದಿದ್ದ ಮೂರು ಗೆರೆಗಳನ್ನು ಒಬ್ಬರು ಉಪಕಾರ ಮಾಡಲು ಹೋಗಿ ಅಳಿಸಿದರೆ, ಅವರನ್ನು ಬಯ್ಯುವುದಾದರೂ ಹೇಗೆ?

ಆ ಮೂರು ಗೆರೆ ನಮ್ಮ ಗಂಗತ್ತೆಯ ಬೆರಳಿನವು.

ಗಂಗತ್ತೆ ಅಪ್ಪನ ತಂಗಿ, ಯಗಟಿಗೆ ಕೊಟ್ಟ ಸೋದರತ್ತೆ. ನಾನು ತರೀಕೆರೆ, ಅಜ್ಜಂಪುರ ಎಲ್ಲ ಸುತ್ತಿ ಕಡೂರಿಗೆ ವರ್ಗವಾಗಿ ಬಂದ ಹೈಸ್ಕೂಲು ಮೇಷ್ಟ್ರು. ಪಾಠ ಮಾಡುವುದಕ್ಕಿಂತ ಫೋಟೋ ತೆಗೆಯುವುದರಲ್ಲಿ ನಾನು ಜಾಣ ಅಂತ ಆಗ ನನಗೊಂದು ಭ್ರಮೆ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಯಗಟಿಗೆ ಹೋದರೆ ಮಾವನಿಗೆ ಎಲ್ಲಿಲ್ಲದ ಉತ್ಸಾಹ. ಕರೀ ಕೋಟು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಹಣೆಯ ವಿಭೂತಿ ಹೊಸದಾಗುತ್ತಿತ್ತು. ಅಂಗಳದ ಬಿಸಿಲಿಗೆ ಕುರ್ಚಿ ಎಳೆದು, ಮೀಸೆ ತೀಡಿ, ಎರಡೂ ಕೈ ಮಂಡಿಯ ಮೇಲಿಟ್ಟು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಕೂರುತ್ತಿದ್ದರು. ಫೋಟೋದಲ್ಲಿ ನಕ್ಕರೆ ಮರ್ಯಾದೆ ಹೋಗುತ್ತದೆ ಅನ್ನುವುದು ಅವರ ಖಚಿತ ಅಭಿಪ್ರಾಯ.

"ಅತ್ತೆ, ನೀವೂ ಬನ್ನಿ" ಅಂದರೆ ಗಂಗತ್ತೆ ಬಾಗಿಲು ದಾಟುತ್ತಿರಲಿಲ್ಲ. "ಇಲ್ಲೇ ನಿಂತಿದೀನಲ್ಲೋ, ಫೋಟೋದಾಗೆ ಹಿಂದೆ ಬತ್ತೀನಿ, ತಗಿ ತಗಿ" ಅನ್ನುತ್ತಿದ್ದರು. ಯಗಟಿಯ ಬಿಸಿಲಿಗೆ ದಾಕ್ಷಿಣ್ಯ ಅನ್ನುವುದೇ ಇಲ್ಲ. ಮುಂದೆ ಮಾವ ಬೆಳಗಿಟ್ಟ ಹಿತ್ತಾಳೆ ಕೊಡದ ಹಾಗೆ ಹೊಳೆಯುತ್ತಿದ್ದರು, ಹಿಂದೆ ಬಾಗಿಲಿನಷ್ಟು ಕತ್ತಲು, ಆ ಕತ್ತಲಲ್ಲಿ ಸೀರೆಯಂಚಿನ ಒಂದು ತುಂಡು. ಹೀಗೇ ಏಳೆಂಟು ವರ್ಷದ ಫೋಟೋಗಳಾದವು. ನಾನು ಅವನ್ನೆಲ್ಲ ಸ್ಟಾಫ್ ರೂಮಿನಲ್ಲಿ ತೋರಿಸಿ, ನೆರಳು ಬೆಳಕು ಅಂತ ಉಪನ್ಯಾಸ ಬೇರೆ ಕೊಡುತ್ತಿದ್ದೆ.

ಒಂದು ದಿನ ಬೀಪಿ ತೋರಿಸಲು ಕಡೂರಿಗೆ ಬಂದ ಅತ್ತೆ, ಕಾಫಿ ಕೊಟ್ಟರೂ ಮುಟ್ಟದೆ ಕುಳಿತರು. ಹಿಂದಿನ ದಿನ ಪಂಚನಹಳ್ಳಿಗೆ, ತೀರಿಕೊಂಡ ಅವರ ಓರಗಿತ್ತಿಯ ಮನೆಗೆ ಹೋಗಿದ್ದರಂತೆ. ಅಲ್ಲಿ ಗೋಡೆಗೆ ಹಾಕಿದ್ದ ಫೋಟೋ ಓಟಿನ ಕಾರ್ಡಿನದು, ದೊಡ್ಡದು ಮಾಡಿಸಿದ್ದು.

"ಗುರ್ತೇ ಸಿಗ್ಲಿಲ್ಲ ಕಣೋ. ಜಗಳಕ್ಕೆ ಬಂದೋಳ ಹಂಗೆ ಕಣ್ ಬಿಟ್ಕಂಡು ನೋಡ್ತಾವ್ಳೆ. ಬದುಕಿದ್ದಾಗ ಒಂದಿನಾನೂ ಯಾರನ್ನೂ ಹಂಗೆ ನೋಡಿದೋಳಲ್ಲ."

ಆಮೇಲೆ ಎಲೆಯಡಿಕೆ ಚೀಲದಿಂದ ತಮ್ಮ ಕಾರ್ಡು ತೆಗೆದರು. "ನಂದು ನೋಡು." ನೋಡಿದೆ. ಅಲ್ಲಾಡಬೇಡಿ ಅಂದರೆ ಉಸಿರನ್ನೂ ಆಡಬಾರದು ಅಂತ ತಿಳಿದು ಅತ್ತೆ ಉಸಿರು ಕಟ್ಟಿಬಿಟ್ಟಿದ್ದರು. ಕೆನ್ನೆ ಪೂರಿಯಾಗಿತ್ತು, ಕಣ್ಣು ಹೊರಗೆ ಬಂದಿತ್ತು. ನನಗೆ ನಗು ಬಂತು. ಅತ್ತೆ ನಗಲಿಲ್ಲ.

"ನಾಳೆ ನಾನು ಹೋದ್ಮೇಲೆ ನಿಮ್ ಮಾವ ಇದನ್ನೇ ನೇತಾಕ್ತಾರೆ. ಬೇರೆ ಯಾವುದೈತೆ ಹೇಳು? ಮೊಮ್ಮಕ್ಕಳು ನಮ್ಮಜ್ಜಿ ಅಂದ್ರೆ ಇವಳೇ ಅಂದ್ಕಂತವೆ."

ಊರನ್ನೆಲ್ಲ ನಗಿಸುವ ಹೆಂಗಸು ಅವರು. ಅವರ ದನಿ ಹಾಗೆ ಸಣ್ಣಗಾದದ್ದು ಕೇಳಿ ನನಗೆ ನಾಚಿಕೆಯಾಯಿತು. ಕ್ಯಾಮೆರಾ ಇಟ್ಟುಕೊಂಡ ಅಳಿಯ ಒಬ್ಬನಿದ್ದೂ ಅತ್ತೆಯದೊಂದು ಮುಖ ಇಲ್ಲ. ಅಲ್ಲೇ ಕಿಟಕಿ ಪಕ್ಕ ಕೂರಿಸಿ ತೆಗೆಯಲು ಹೊರಟೆ. ಕ್ಯಾಮೆರಾ ಎತ್ತಿದ ಕೂಡಲೇ ಕೆನ್ನೆ ಪೂರಿ.

"ಉಸಿರು ಬಿಡಿ ಅತ್ತೆ."

"ಬಿಟ್ರೆ ಅಲ್ಲಾಡ್ತೀನಲ್ಲೋ!"

ತೆಗೆದಷ್ಟೂ ಓಟಿನ ಕಾರ್ಡೇ ಬಂತು.

ಬೇರೆ ದಾರಿ ಕಾಣದೆ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಫೋಟೋಗಳಿಗೇ ಕೈ ಹಾಕಿದೆ. ಇಡೀ ಚಿತ್ರಕ್ಕೆ ಬೆಳಕು ಹೆಚ್ಚಿಸಿದರೆ ಅತ್ತೆ ಕಾಣುವ ಮೊದಲೇ ಮಾವ ಬೆಳ್ಳಗೆ ಕರಗಿಹೋಗುತ್ತಿದ್ದರು. ಆ ಹೊತ್ತಿಗೆ ನಾನು ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಬ್ರಷ್ ಮಾಸ್ಕ್ ಅನ್ನುವ ವಿದ್ಯೆಯನ್ನು ಅರೆಬರೆ ಕಲಿತಿದ್ದೆ. ಇದರಲ್ಲಿ ಏನು ಬದಲಾಯಿಸಬೇಕೋ ಅದನ್ನು ಮೊದಲು ಹೇಳಿಟ್ಟು, ಬೇಕಾದ ಜಾಗದ ಮೇಲೆ ಮಾತ್ರ ಮೌಸಿನಿಂದ ಬ್ರಷ್ ಆಡಿಸಬೇಕು. ಬ್ರಷ್ ಹೋದಲ್ಲಿ ಬದಲಾಗುತ್ತದೆ, ಉಳಿದದ್ದು ಇದ್ದ ಹಾಗೇ ಇರುತ್ತದೆ. ಮಾವನನ್ನು ಮುಟ್ಟದೆ, ಬಾಗಿಲಿನ ಕತ್ತಲ ಮೇಲಷ್ಟೇ ಬೆಳಕು ಬಳಿಯುತ್ತಾ ಹೋದೆ. ಮೊದಲು ಬಳೆ ಕಂಡಿತು, ಆಮೇಲೆ ಮೂಗು. ಆಮೇಲೆ, ನಂಬಿದರೆ ನಂಬಿ, ಮೀಸೆ!

ಗಂಗತ್ತೆ ಸೆರಗಿನ ತುದಿಯನ್ನು ಹುರಿ ಮಾಡಿ ಮೂಗಿನ ಕೆಳಗೆ ಹಿಡಿದುಕೊಂಡು, ಎದೆ ಸೆಟೆಸಿ, ಥೇಟ್ ಮಾವನಂತೆ ನಿಂತಿದ್ದರು. ಆ ಮೀಸೆಯೂ ನಿಲ್ಲದೆ ಜಾರುತ್ತಿತ್ತು, ಯಾಕೆಂದರೆ ಬಾಯ್ತುಂಬ ನಗುತ್ತಿದ್ದರು. ಉಳಿದ ಫೋಟೋಗಳನ್ನೂ ತೆರೆದು ಬಳಿದೆ. ಒಂದರಲ್ಲಿ ಮಾವನ ಬೆನ್ನಿಗೆ ನಾಲಿಗೆ ಚಾಚಿದ್ದರು. ಇನ್ನೊಂದರಲ್ಲಿ ಒಂದು ಕಣ್ಣು ಮುಚ್ಚಿ, ಎರಡು ಮುಷ್ಟಿ ಮುಖಕ್ಕಿಟ್ಟು, ಮೂತಿ ಸೊಟ್ಟ ಮಾಡಿ ನಿಂತಿದ್ದರು. ಇದು ಯಾರಪ್ಪಾ ಅಂತ ಯೋಚಿಸಿ ನೋಡಿದರೆ, ಅದು ಕ್ಯಾಮೆರಾ ಹಿಡಿದ ನಾನು. ಅಷ್ಟು ವರ್ಷ ಆ ಬಾಗಿಲಲ್ಲಿ ಉಸಿರಾಡಿಕೊಂಡು ಆರಾಮವಾಗಿದ್ದ ಅತ್ತೆಯನ್ನು ನಾನೇ ಕತ್ತಲಲ್ಲಿ ಬಿಟ್ಟಿದ್ದೆ.

ಮೀಸೆ ಜಾರುತ್ತಿದ್ದ ಫೋಟೋವನ್ನೇ ಆರಿಸಿದೆ. ಕತ್ತಲಿಗೆ ಹೀಗೆ ಬೆಳಕು ಹೊಡೆದರೆ ಮುಖದ ಮೇಲೆಲ್ಲ ರಾಗಿ ಚೆಲ್ಲಿದಂತೆ ಕಾಳು ಕಾಳಾಗುತ್ತದೆ. ನುಣುಪು ಮಾಡುವ ಬ್ರಷ್ ತೆಗೆದುಕೊಂಡು ಅದನ್ನೂ ತೀಡಿದೆ. ಭಾನುವಾರ ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಯಗಟಿ ಬಸ್ಸು ಹತ್ತಿದೆ.

ಅತ್ತೆ ಮಾವ ಇಬ್ಬರೂ ಎರಡು ಪಕ್ಕ ಕುಳಿತರು. ನಾನು ಜಂಬದಿಂದ, ಎಲ್ಲೆಲ್ಲಿ ಬ್ರಷ್ ಓಡಿಸಿದ್ದೇನೆ ಅಂತ ಮೊದಲು ತೋರಿಸಿದೆ. ಸಾಫ್ಟ್‌ವೇರು ಆ ಜಾಗವನ್ನೆಲ್ಲ ಕೆಂಪಾಗಿ ತೋರಿಸುತ್ತದೆ.

"ಇದೇನೋ, ನಂಗೆ ಕಾರಣೆ ಬಳಿದಿದೀಯ!" ಅಂದರು ಅತ್ತೆ. ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುವುದರಲ್ಲಿ ಆ ಬೀದಿಗೇ ಅವರು ಹೆಸರುವಾಸಿ. "ಮಾಸ್ಕ್ ಅಂತ ಹೇಳ್ತೀಯ. ಕೊರೊನಾದಾಗ ಮಾಸ್ಕ್ ಹಾಕಿದ್ರೆ ಮುಖ ಮುಚ್ತಿತ್ತು, ನಿಂದು ತಗೀತದಲ್ಲ?"

ಕೆಂಪು ತೆಗೆದು ಫೋಟೋ ತೋರಿಸಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅಂಚು ಎದ್ದು ಕಾಣ್ತದೆ ಕಣೋ. ಕತ್ತರಿಸಿ ಅಂಟಿಸ್ದಂಗೈತೆ. ಒಂದೇ ಸಲ ದಪ್ಪಗೆ ಬಳಿದಿದೀಯ. ಸುಣ್ಣ ಆದ್ರೂ ಅಷ್ಟೇ, ತೆಳ್ಳಗೆ ಎರಡು ಸಲ ಕೊಡ್ಬೇಕು." ವಾರಗಟ್ಟಲೆ ವೀಡಿಯೋ ನೋಡಿ ನನಗೆ ಹತ್ತದಿದ್ದ ಪಾಠ ಅದು. ಬ್ರಷ್ಷಿನಿಂದ ಒಮ್ಮೆಗೆ ಹರಿಯುವ ಬೆಳಕು ಕಡಿಮೆ ಮಾಡಿ, ಅಂಚು ಮೆದು ಮಾಡಿ, ಅವರೆದುರೇ ತೆಳ್ಳಗೆ ಎರಡು ಕೈ ಕೊಟ್ಟೆ. ಅತ್ತೆ ಬಾಗಿಲಿನ ಕತ್ತಲಿಂದ ತಾವೇ ನಡೆದು ಬಂದ ಹಾಗೆ ಕಂಡರು.

"ಈಗ ಸರಿ ಹೋಯ್ತು" ಅಂದವರು ಪರದೆಯ ಹತ್ತಿರಕ್ಕೆ ಬಾಗಿದರು. "ಮುಖ ನಂದೇ. ಹಣೆ ಯಾರ್ದೋ?"

ನೋಡಿದೆ. ಹಣೆ ಬೋಳು! ರಾಗಿಕಾಳಿನ ಜೊತೆಗೆ ನನ್ನ ನುಣುಪು ಬ್ರಷ್ಷು ಅತ್ತೆಯ ವಿಭೂತಿಯನ್ನೂ ತೀಡಿಹಾಕಿತ್ತು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಹೆಂಗಸನ್ನು ಬೋಳು ಹಣೆಯಲ್ಲಿ ಗೋಡೆಗೇರಿಸಲು ಹೊರಟಿದ್ದೆ. ನಾನು ತಡವರಿಸುತ್ತಿರುವಾಗಲೇ ಅತ್ತೆ ಎದ್ದು ಹೋಗಿ, ಬೆರಳು ಒದ್ದೆ ಮಾಡಿಕೊಂಡು ವಿಭೂತಿ ಗಟ್ಟಿಗೆ ಉಜ್ಜಿ ತಂದು, ಪರದೆಯ ಮೇಲೆ ತಮ್ಮ ಹಣೆಗೆ ಮೂರು ಬೆರಳು ಎಳೆದೇಬಿಟ್ಟರು.

"ಹ್ಞಾ, ಈಗ ನಾನು!"

ಬ್ರಷ್ ಮಾಸ್ಕಿನ ಒಂದು ಒಳ್ಳೆಯ ಗುಣ ಏನೆಂದರೆ, ಬಳಿದದ್ದನ್ನು ಅಳಿಸಿದರೆ ಕೆಳಗಿರುವುದು ಹಾಗೇ ವಾಪಸ್ಸು ಬರುತ್ತದೆ. ಹಣೆಯ ಮೇಲಿನ ನುಣುಪಿನ ಮಾಸ್ಕನ್ನಷ್ಟೇ ಅಳಿಸಿದೆ. ಪರದೆಯ ಒದ್ದೆ ವಿಭೂತಿಯ ಕೆಳಗೆ ಫೋಟೋದ ವಿಭೂತಿ ಮಂಕಾಗಿ ಎದ್ದು ಬಂತು. ಎರಡೂ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿದ್ದವು.

ಮಾವ ಆಗ ಬಾಯಿ ಬಿಟ್ಟರು. "ಲೇ, ಇಷ್ಟ್ ವರ್ಷ ನನ್ ಬೆನ್ ಹಿಂದೆ ಇದೇ ನಡೀತಿತ್ತಾ?"

"ಇನ್ನೇನು ಮತ್ತೆ?"

"ಗೋಡೆ ಮೇಲೆ ಮೀಸೆ ಹೆಂಗಸ ಹಾಕ್ಕಳಾಕಾಯ್ತದ?"

"ಹಂಗಾದ್ರೆ ಓಟಿನ ಕಾರ್ಡೇ ಹಾಕ್ಕಳಿ."

ಮಾವ ಕಾರ್ಡನ್ನು ನೆನೆಸಿಕೊಂಡರೋ ಏನೋ, ತಲೆ ಆಡಿಸಿದರು. ಅವರ ಮೀಸೆಯ ಕೆಳಗೆ ಏನೋ ಅಲ್ಲಾಡಿತು. ಅದು ನಗುವೇ ಅಂತ ನಾನು ಇವತ್ತಿಗೂ ಸಾಧಿಸುತ್ತೇನೆ. ಅತ್ತೆಯನ್ನಷ್ಟೇ ಉಳಿಸಿ ಮುಂದಿನದ್ದನ್ನು ಕತ್ತರಿಸಲೇ ಅಂತ ಕೇಳಿದ್ದಕ್ಕೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ಅವ್ರನ್ನ ಕತ್ತರಿಸ್ಬ್ಯಾಡ್ವೋ. ಅವ್ರು ಮುಂದೆ ಕುಂತಿದ್ರೇನೇ ನಂಗೆ ನಗು ಬರೋದು."

ಫೋಟೋ ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯಲ್ಲಿ ಈಗಲೂ ಇದೆ. ಹಾರ ಇಲ್ಲ, ಯಾಕೆಂದರೆ ಇಬ್ಬರೂ ಗಟ್ಟಿಮುಟ್ಟಾಗಿ ಅದರ ಕೆಳಗೇ ಕುಳಿತು ಊಟ ಮಾಡುತ್ತಾರೆ. ಪರದೆಯ ಮೂರು ಗೆರೆಗಳನ್ನು ಒರೆಸಲು ನನಗೆ ಮನಸ್ಸು ಬರಲಿಲ್ಲ. ಮಾರ್ಕ್ಸ್ ಕಾರ್ಡು ತುಂಬಿಸುವಾಗಲೂ ಅವು ಮಕ್ಕಳ ಹೆಸರಿನ ಮೇಲೆ ತೇಲುತ್ತಿದ್ದವು.

ನಿನ್ನೆ ಸಂಜೆ ತಡೆಯಲಾರದೆ ಫೋನು ಮಾಡಿದೆ. "ಅತ್ತೆ, ವಿಭೂತಿ ಅಳಿಸೋಯ್ತು."

"ಯಾರ್ದೋ?" ಅಂತ ಅವರು ಗಾಬರಿಬಿದ್ದರು.

"ಲ್ಯಾಪ್‌ಟಾಪಿಂದು."

ಆ ಕಡೆಯಿಂದ ನಗು ಬಂತು, ಫೋಟೋದಲ್ಲಿರುವುದೇ. "ಅಯ್ಯೋ, ಅಷ್ಟಕ್ಕೆ ಅಳೋ ಹಂಗ್ ಮಾತಾಡ್ತೀಯಲ್ಲೋ! ತಗಂಡ್ ಬಾ, ಇನ್ನೊಂದ್ಸಲ ಇಟ್ಟು ಕಳಿಸ್ತೀನಿ. ಆದ್ರೆ ಲೇ, ನೀನು ಈ ಕಡೆ ತಲೆ ಹಾಕಿ ಎಷ್ಟು ತಿಂಗಳಾಯ್ತು?"

ಲೆಕ್ಕ ಹಾಕಿದೆ. ಎಂಟು. ದಿನಾ ಆ ಗೆರೆಗಳನ್ನು ನೋಡುತ್ತಿದ್ದೆನಲ್ಲ, ಅತ್ತೆಯನ್ನೇ ನೋಡಿದಂತಾಗಿ ಹೋಗುವುದು ಮರೆತೇಹೋಗಿತ್ತು. ರಿಪೇರಿಯವನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬರುತ್ತೇನೆ ಅಂದೆ.

"ಬಾ ಬಾ. ಬಾಗಿಲಲ್ಲೇ ನಿಂತಿರ್ತೀನಿ" ಅಂದರು ಗಂಗತ್ತೆ.