ರೆಪ್ಪೆಗೆ ತಿಳಿಯುವ ಕಾವು

ಗುರುವಾರ ಬೆಳಗಿನ ನಮಾಜು ಮುಗಿಸಿ ಬಂದ ತಾತ ಮಿತ್ವಲ್ಲಿ, ಮಲಗಿದ್ದ ಮೊಮ್ಮಗಳು ಬಸ್ಮಲಳ ಅಂಗೈಯನ್ನೆತ್ತಿ ತಮ್ಮ ಮುಚ್ಚಿದ ಕಣ್ಣರೆಪ್ಪೆಗೆ ಒತ್ತಿಕೊಂಡರು. ಮತ್ತೊಮ್ಮೆ ಒತ್ತಿಕೊಂಡರು. ಆಮೇಲೆ ಸೊಸೆಗೆ, "ಒಲೆ ಹಚ್ಚಬೇಡಮ್ಮ" ಎಂದರು. ಮನೆಗೆ ಸಾವಿನ ಸುದ್ದಿ ತಿಳಿದದ್ದು ಹಾಗೆ.

ಇಂದೂ ನಸುಕಿನಲ್ಲೇ ಅವರು ತಂತಾ ನಗರದ ಪ್ರಯೋಗಾಲಯದಲ್ಲಿದ್ದಾರೆ. ಕಾವುಪೆಟ್ಟಿಗೆಯಿಂದ ಒಂದೊಂದೇ ಮೊಟ್ಟೆ ತೆಗೆದು, ರೆಪ್ಪೆಗೆ ತಾಗಿಸಿ ನೋಡಿ, ಮಗ್ಗುಲು ಬದಲಿಸಿ ಇಡುತ್ತಾರೆ. ಬಿರ್ಮಾ ಹಳ್ಳಿಯಲ್ಲಿ ಮರಿ ಮಾಡಿಸುವ ಮಣ್ಣಿನ ಒಲೆಮನೆಯೊಳಗೆ ಅವರ ಅಪ್ಪ, ಅಜ್ಜ ಕಾವು ನೋಡುತ್ತಿದ್ದದ್ದೂ ಹೀಗೆಯೇ. ಆ ಒಲೆ ಆರಿದ ಮೇಲೆ ಅವರಿಗೆ ಇಲ್ಲಿ ಕೆಲಸ ಸಿಕ್ಕಿತು.

"ಕಾಕಾ, ನಿಮ್ಮ ಕಣ್ಣಿಗೇ ಜ್ವರ ಬಂದ್ರೆ ನಮ್ಮ ಮೊಟ್ಟೆಗಳ ಗತಿ?" ಎಂದು ಸಂಶೋಧಕಿ ಇನ್ಶಿರಾಹ್ ಮೊದಲೆಲ್ಲ ಕೆಣಕುತ್ತಿದ್ದರು.

"ಆಗ ನಿಮ್ಮ ಕಣ್ಣು ಕೊಡಿ ಡಾಕ್ಟ್ರೇ. ಹೇಗೂ ಓದಿ ಓದಿ ಸವೆಸ್ತಿದ್ದೀರಿ."

ಈಗ ಆ ತಮಾಷೆಯಿಲ್ಲ.

ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಅದರ ನರಕೋಶಗಳಲ್ಲಿ ಅರ್ಧದಷ್ಟು ತಾವಾಗಿಯೇ ಸಾಯುತ್ತವೆ. ಸಾಯಲೇಬೇಕು, ದೇಹ ರೂಪುಗೊಳ್ಳುವುದೇ ಹಾಗೆ. ಯಾವುದು ಸಾಯಬೇಕು, ಯಾವುದು ಉಳಿಯಬೇಕು ಎಂಬುದು ಕೋಶದೊಳಗಿನ ಕೆಲವು ಪ್ರೋಟೀನುಗಳ ಕೈಯಲ್ಲಿದೆ. ಕೆಲವು ಕೊಲ್ಲುತ್ತವೆ, ಕೆಲವು ತಡೆಯುತ್ತವೆ. ಬಸ್ಮಲಳ ದೇಹದಲ್ಲಿ ಉಳಿಯಬೇಕಾದವೂ ಸಾಯುತ್ತ ಹೋದವು. ಕಾಲು ಸೋತಿತು, ಕೈ ಸೋತಿತು, ಕೊನೆಗೆ ಉಸಿರು.

ಅವಳಿನ್ನೂ ಇದ್ದಾಗ, ಕೋಶದ ಸಾವನ್ನು ತಡೆಯುವ ಪ್ರೋಟೀನು ಸೇರಿಸಿದ ಒಂದು ಮೊಟ್ಟೆಯನ್ನು ಇನ್ಶಿರಾಹ್ ಪರೀಕ್ಷೆಗೆಂದು ಒಡೆಯದೆ ಮರಿಯಾಗಲು ಬಿಟ್ಟಿದ್ದರು. ಮಿತ್ವಲ್ಲಿ ಮನೆಗೆ ಹೋಗಿ, "ಆ ಮರಿ ಎದ್ದು ನಿಂತ್ರೆ ನೀನೂ ನಿಲ್ತೀಯ, ಪುಟ್ಟಿ" ಎಂದು ಮೊಮ್ಮಗಳಿಗೆ ಮಾತು ಕೊಟ್ಟರು. ಮರಿ ನಿಂತಿತು. ಓಡಿಯೂ ಓಡಿತು. ಅದನ್ನು ಎದೆಗವಚಿಕೊಂಡು ಮನೆಗೆ ಒಯ್ದರು.

ಮರುದಿನ ಇನ್ಶಿರಾಹ್ ತಲೆ ತಗ್ಗಿಸಿ ಹೇಳಿದರು: "ಕಾಕಾ, ಅದು ಮೊದ್ಲೇ ಚೆನ್ನಾಗಿದ್ದ ಮರಿ. ನಾವು ಏನೂ ಹಾಕ್ದೆ ಇದ್ರೂ ನಿಲ್ತಿತ್ತು."

"ಅದನ್ನ ಅವಳಿಗೆ ಹೇಳೋಕಾಗ್ಲಿಲ್ಲ" ಎನ್ನುತ್ತಾರೆ ಮಿತ್ವಲ್ಲಿ. "ಮರಿ ಸರದಿ ಆಯ್ತು ತಾತಾ, ನನ್ನ ಸರದಿ ಯಾವಾಗ ಅಂತ ದಿನಾ ಕೇಳೋಳು. ದೇವ್ರು ಮನಸ್ಸು ಮಾಡಿದ್ರೆ ನಾಳೆ ಅಂತಿದ್ದೆ. ಒಂದಿನ ನಕ್ಕುಬಿಟ್ಲು. ನಿನ್ನ ನಾಳೆಗೂ ನನ್ನ ಹಾಗೇ ಕಾಲಿಲ್ಲ ತಾತಾ, ಅದ್ಕೇ ಬರಲ್ಲ ಅಂದ್ಲು."

ಆ ಮರಿ ಈಗ ಕೋಳಿಯಾಗಿ ಅಂಗಳದಲ್ಲಿ ಓಡಾಡುತ್ತದೆ. ಸೊಸೆ ಅತ್ತ ನೋಡುವುದಿಲ್ಲ.

ನಿಮಗೇನು ಬೇಕು, ದೇವರಲ್ಲಿ ಏನು ಬೇಡಲಿ ಎಂದು ನಾನು ಕೇಳಿದರೆ ಅವರು ಕೈಯಲ್ಲಿದ್ದ ಮೊಟ್ಟೆಯನ್ನು ಮೆಲ್ಲಗೆ ಇಡುತ್ತಾರೆ. "ನಂಗೇನು ಬೇಕು? ಅವಳು ಹೋದ ಕಡೆಯಾದ್ರೂ ಯಾರೂ ಅವಳಿಗೆ ನಾಳೆ ಅನ್ನದೇ ಇರ್ಲಿ."

ಕರುಣಾಮಯನಾದ ಅಲ್ಲಾಹನೇ, ಆ ಮಗುವಿನ ಗೋರಿಯನ್ನು ವಿಶಾಲ ಮಾಡು, ಅದರಲ್ಲಿ ಬೆಳಕು ತುಂಬು. ಬಸ್ಮಲಳಿಗೆ ಅವಳ ಕಾಲುಗಳನ್ನು ಕೊಡು, ಇಂದೇ ಕೊಡು. ಆಮೀನ್.